ಮಕ್ಕಳ ಜಂತುಬಾಧೆ: ಗುಳಿಗೆಯೊಂದೇ ಸಾಲದು

ಅನ್ನವನ್ನು ಬಡಿಸಿ ಅನ್ನವನ್ನು ಸಂಪಾದಿಸುವ ಸಮಾಜ ನಮ್ಮದು. ಊರು ಬಿಟ್ಟು ಬಂದ ಕನ್ನಡಿಗರಲ್ಲಿ ಬಹುಮಂದಿ ಹೋಟೆಲಿನ ಒಲೆಯ ಮುಂದೆ, ಗಲ್ಲಾಪೆಟ್ಟಿಗೆಯ ಹಿಂದೆ, ಇಲ್ಲವೆ ಕಚೇರಿಯ ಮೇಜಿನ ಬಳಿ ಬಾಳು ಸವೆಸುತ್ತಿರುವವರು. ಪರರ ಹೊಟ್ಟೆಗೆ ಹಿತವಾದುದನ್ನು ಬಡಿಸುವುದರಲ್ಲಿ ನಾವು ವಹಿಸುವ ಎಚ್ಚರಿಕೆ ನಾಡಿಗೆಲ್ಲ ತಿಳಿದದ್ದೇ ಆಗಿದೆ. ಆದರೆ ನಮ್ಮ ಸ್ವಂತ ಮಕ್ಕಳ ಹೊಟ್ಟೆಯೊಳಗೆ ಏನು ನಡೆಯುತ್ತಿದೆಯೆಂಬುದನ್ನು ಅಷ್ಟೇ ಎಚ್ಚರಿಕೆಯಿಂದ ನಾವು ವಿಚಾರಿಸಿದ್ದೇವೆಯೆ? ತಂದೆ ದುಡಿದು ತಂದ, ತಾಯಿ ಬೇಯಿಸಿ ಉಣಿಸಿದ ಅನ್ನದಲ್ಲಿ ಕೇಳದೆಯೇ ಪಾಲು ಪಡೆಯುವ ಜೀವಿಯೊಂದು ಎಷ್ಟೋ ಮಕ್ಕಳ ಕರುಳಿನಲ್ಲಿ ಬಿಡಾರ ಹೂಡಿರುತ್ತದೆ. ಜಂತು, ಹೊಟ್ಟೆಹುಳು ಎಂದು ನಾವು ಕರೆಯುವುದು ಇದನ್ನೇ.

ಪತ್ರಿಕೆಯಲ್ಲಿ ಬರೆಯುವಷ್ಟು ದೊಡ್ಡ ವಿಷಯವೆ ಇದು ಎಂದು ಕೆಲವರು ಮೂಗು ಮುರಿಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಲೋಕದಲ್ಲಿ ಸುಮಾರು 150 ಕೋಟಿ ಜನರ ಕರುಳಿನಲ್ಲಿ, ಮಣ್ಣಿನ ಮೂಲಕ ಹರಡುವ ಹುಳುಗಳಿವೆ. 2015ರಲ್ಲಿ ನಮ್ಮ ದೇಶದಲ್ಲಿ ಜಂತುಹುಳು ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದ ಕಾಲಕ್ಕೆ, 1ರಿಂದ 14 ವರ್ಷದೊಳಗಿನ ಸುಮಾರು 24 ಕೋಟಿ ಭಾರತೀಯ ಮಕ್ಕಳು ಈ ಹುಳುಗಳ ಅಪಾಯಕ್ಕೆ ಒಳಗಾಗಿರುವರೆಂದು ಅದೇ ಸಂಸ್ಥೆ ಎಣಿಕೆ ಹಾಕಿತ್ತು. ಇಷ್ಟು ಮಕ್ಕಳ ರಕ್ತ, ಮಾಂಸ, ವಿದ್ಯೆಗಳಿಗೆ ಸಂಬಂಧಪಟ್ಟ ವಿಷಯವು ಚಿಕ್ಕದೆನ್ನುವುದು ಹೇಗೆ?

ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು. ಜಂತುಬಾಧೆಯು ಮುಚ್ಚಿಡತಕ್ಕ ಮನೆಯ ಅವಮಾನವಲ್ಲ. ಅದು ಹತ್ತು ಜನ ಕೂಡಿ ಬಗೆಹರಿಸಬೇಕಾದ ಸಾರ್ವಜನಿಕ ವಿಷಯ. ಸರಕಾರ ಕೊಡುವ ಗುಳಿಗೆ ಬೇಕೇ ಬೇಕು. ಆದರೆ ಗುಳಿಗೆಯೊಂದರಿಂದಲೇ ಕೆಲಸ ಮುಗಿಯದು. ಮುಗಿಯದೆ ಉಳಿದ ಕೆಲಸವನ್ನು ತಾಯಂದಿರ ತಲೆಯ ಮೇಲೆ ಹೊರಿಸಿ ತಂದೆಯೂ, ಧಣಿಯೂ, ಸಂಘವೂ ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಕನ್ನಡ ಕುಟುಂಬಗಳಿಗೂ, ವಿಜಯವಾಡದ ನಮ್ಮ ಬಂಧುಗಳಿಗೂ ಈ ಮಾತನ್ನು ವಿಶೇಷವಾಗಿ ಹೇಳಲು ಕಾರಣವುಂಟು. ಮುವ್ವಲವಾನಿಪಾಲೆಂ ಎಂಬ ಹಳೆಯ ಹೆಸರನ್ನು ಮೂರಕ್ಷರಕ್ಕೆ ಇಳಿಸಿಕೊಂಡು, ಸೆಕ್ಟರುಗಳಾಗಿ ಹಂಚಿಕೊಂಡು ಬೆಳೆದ ಈ ಬಡಾವಣೆಯಲ್ಲಿ ಅಗಲವಾದ ರಸ್ತೆಗಳಿವೆ, ರೈತು ಬಜಾರವಿದೆ, ಶಾಲೆಗಳಿವೆ. ನಗರಗಳ ಸ್ವಚ್ಛತೆಯನ್ನು ಅಳೆಯುವ ಕೇಂದ್ರ ಸರಕಾರದ ಸಮೀಕ್ಷೆಯಲ್ಲಿ 2017ರಲ್ಲಿ ವಿಶಾಖಪಟ್ಟಣಕ್ಕೂ, 2021ರಲ್ಲಿ ವಿಜಯವಾಡಕ್ಕೂ ದೇಶದಲ್ಲೇ ಮೂರನೆಯ ಸ್ಥಾನ ದೊರೆಯಿತು. ಇದು ಸಂತೋಷಪಡಬೇಕಾದ ಸಂಗತಿಯೇ. ಆದರೆ ಸಮೀಕ್ಷೆಯವರು ನೋಡುವುದು ಬೀದಿಯನ್ನು. ಹುಳುವಿನ ತತ್ತಿ ಅಡಗಿರುವುದು ಮಗುವಿನ ಉಗುರಿನ ಸಂದಿಯಲ್ಲಿ. ಬೀದಿಗೆ ಬಂದ ಬಹುಮಾನ ಉಗುರಿಗೆ ಬರುವುದಿಲ್ಲ. ಇಂಥ ಬಡಾವಣೆಗಳಲ್ಲಿಯೂ ಮಹಡಿಯ ಮನೆಯವರ ಪಕ್ಕದಲ್ಲೇ ಒಂದೇ ಕೊಠಡಿಯಲ್ಲಿ ಐದಾರು ಮಂದಿ ವಾಸಿಸುವ, ಒಂದೇ ಪಾಯಖಾನೆಯನ್ನು ಹಲವು ಕುಟುಂಬಗಳು ಹಂಚಿಕೊಳ್ಳುವ ದುಡಿಮೆಗಾರರು ಇರುತ್ತಾರೆ.

ಈ ರೋಗದ ಬಗ್ಗೆ ನಮ್ಮ ಜನರಲ್ಲಿ ಬೇರೂರಿರುವ ಮೂರು ತಪ್ಪು ತಿಳಿವಳಿಕೆಗಳನ್ನು ಮೊದಲು ಕೀಳಬೇಕಾಗಿದೆ. ಒಂದನೆಯದು, ಬೆಲ್ಲ, ಸಕ್ಕರೆ, ಮಿಠಾಯಿ ತಿಂದರೆ ಹೊಟ್ಟೆಯಲ್ಲಿ ಹುಳುವಾಗುವುದೆಂಬುದು. ಸಿಹಿಯಿಂದ ಹಲ್ಲು ಕೆಡಬಹುದು, ಹುಳು ಹುಟ್ಟುವುದಿಲ್ಲ. ಹುಳುವು ಹುಳುವಿನ ತತ್ತಿಯಿಂದ ಅಥವಾ ಮರಿಯಿಂದಲೇ ಬರಬೇಕು; ಅದು ಹೊರಗಿನಿಂದಲೇ ಒಳಹೊಗಬೇಕು. ತೆರೆದಿಟ್ಟ ಮಿಠಾಯಿಯ ಮೇಲೆ ಧೂಳೂ ನೊಣವೂ ಕುಳಿತು ತತ್ತಿಯನ್ನು ತಂದಿರಬಹುದು. ಅದು ಧೂಳಿನ ಅಪರಾಧವೇ ಹೊರತು ಬೆಲ್ಲದ ಅಪರಾಧವಲ್ಲ. ಮಗುವಿನಿಂದ ಬೆಲ್ಲವನ್ನು ಕಸಿದುಕೊಂಡು ಕೊಳೆಗೈಯನ್ನು ಹಾಗೆಯೇ ಬಿಡುವ ಮನೆಗಳು ಎಷ್ಟಿಲ್ಲ?

ಎರಡನೆಯದು, ನಾವು ಸಸ್ಯಾಹಾರಿಗಳು, ಮಡಿಯುಳ್ಳವರು, ನಮ್ಮ ಮನೆಗೆ ಹುಳು ಎಲ್ಲಿಂದ ಬರಬೇಕೆಂಬ ನೆಮ್ಮದಿ. ಸರಿಯಾಗಿ ಬೇಯದ ಮಾಂಸದಿಂದ ಬರುವ ಲಾಡಿಹುಳುವಿನ ಮಾತು ಬೇರೆ. ಮಕ್ಕಳನ್ನು ಸಾಮಾನ್ಯವಾಗಿ ಕಾಡುವ ಹುಳುಗಳು ಮಣ್ಣಿನಿಂದಲೂ, ಕೈಯಿಂದಲೂ, ಹಸಿ ತರಕಾರಿಯಿಂದಲೂ ಬರುವವು. ಕೋಸಂಬರಿಯ ಕ್ಯಾರೆಟ್ಟು, ಚಟ್ನಿಯ ಹಸಿ ಕೊತ್ತಂಬರಿ, ಮಜ್ಜಿಗೆಗೆ ಹಾಕುವ ಸೊಪ್ಪು ಇವುಗಳಿಗೆ ಅಂಟಿದ ಮಣ್ಣಿನಲ್ಲಿ ತತ್ತಿಯಿದ್ದರೆ ಅದು ತಿನ್ನುವವನ ಆಹಾರ ನಿಯಮವನ್ನು ಕೇಳಿ ಒಳಹೊಗುವುದಿಲ್ಲ. ಮಡಿಬಟ್ಟೆಯುಟ್ಟು ಅಡಿಗೆ ಮಾಡುವ ಕೈಯ ಉಗುರು ಉದ್ದವಾಗಿದ್ದು ಅದರಲ್ಲಿ ಕೊಳೆಯಿದ್ದರೆ ಮಡಿಬಟ್ಟೆ ಆ ಕೊಳೆಯನ್ನು ತಡೆಯಲಾರದು. ಮಡಿಯಲ್ಲಿ ನೀರುಂಟು, ಶ್ರದ್ಧೆಯುಂಟು. ಅವುಗಳ ಜೊತೆಗೆ ಸಾಬೂನೂ ಸೇರಿದರೆ ಹಿರಿಯರ ಶುಚಿತ್ವದ ಉದ್ದೇಶ ಪೂರ್ಣವಾಗುವುದು.

ಮೂರನೆಯದು, ಎಲ್ಲಾ ಮಕ್ಕಳಿಗೂ ಹುಳು ಇದ್ದದ್ದೇ, ದೊಡ್ಡವರಾದ ಮೇಲೆ ತಾನಾಗಿ ಹೋಗುವುದೆಂಬ ಉದಾಸೀನ. ಮೊದಲೆರಡು ತಪ್ಪುಗಳಿಗಿಂತ ಇದು ಹೆಚ್ಚು ಹಾನಿಕರವಾದುದು. ಬೆಳೆಯಬೇಕಾದ ವಯಸ್ಸಿನ ಮೂರು ನಾಲ್ಕು ವರ್ಷ ರಕ್ತಹೀನತೆಯಲ್ಲಿ ಕಳೆದರೆ ಆ ಕಾಲವನ್ನು ಮಗುವಿಗೆ ಮರಳಿ ಕೊಡುವವರು ಯಾರು?

ಈ ಹುಳುಗಳ ಜೀವನಕ್ರಮವನ್ನು ಸ್ವಲ್ಪ ತಿಳಿದುಕೊಂಡರೆ ತಡೆಯುವ ಮಾರ್ಗ ತಾನಾಗಿ ಕಾಣುವುದು. ದುಂಡುಹುಳು ನೋಡಲು ಎರೆಹುಳುವಿನಂತೆ, ಆದರೆ ಬಿಳುಪಾಗಿ, ಗೇಣುದ್ದ ಅಥವಾ ಅದಕ್ಕಿಂತಲೂ ಹೆಚ್ಚು ಬೆಳೆಯುವುದು. ಒಂದು ಹೆಣ್ಣುಹುಳು ದಿನಕ್ಕೆ ಸುಮಾರು 2 ಲಕ್ಷ ತತ್ತಿಗಳನ್ನು ಇಡಬಲ್ಲುದು. ಮಲದೊಡನೆ ಹೊರಬಿದ್ದ ತತ್ತಿಯು ತೇವವಾದ ಬೆಚ್ಚನೆಯ ಮಣ್ಣಿನಲ್ಲಿ ಎರಡು ಮೂರು ವಾರ ಪಕ್ವವಾಗಿ ಅನಂತರವೇ ಸೋಂಕು ತಗುಲಿಸುವ ಶಕ್ತಿ ಪಡೆಯುವುದು. ಮಣ್ಣಿನಲ್ಲಾಡಿದ ಮಗು ಆ ಕೈಯನ್ನೇ ಬಾಯಿಗಿಟ್ಟರೆ ತತ್ತಿ ಕರುಳಿಗಿಳಿದು ಒಡೆಯುವುದು. ಮರಿಗಳು ರಕ್ತದೊಡನೆ ಪುಪ್ಪುಸಕ್ಕೆ ಹೋಗಿ, ಅಲ್ಲಿಂದ ಗಂಟಲಿಗೇರಿ, ಉಗುಳಿನೊಡನೆ ಮರಳಿ ಕರುಳಿಗಿಳಿದು ದೊಡ್ಡವಾಗುವವು. ಈ ಪ್ರಯಾಣ ಮುಗಿದು ಹುಳು ತತ್ತಿಯಿಡಲು ಎರಡು ಮೂರು ತಿಂಗಳು ಬೇಕು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆ ದುಡಿಯುವ ದೊಡ್ಡವರಿಗೆ ಸಲ್ಲುವುದು; ಮಗುವಿನ ಕೈ ಕೆಸರಾಗಿದ್ದರೆ ಬಾಯಿಗೆ ಬರುವುದು ಮೊಸರಲ್ಲ, ಜಂತು.

ಚಾಟಿಹುಳು ಕೂಡ ಹೀಗೆಯೇ ಬಾಯಿಯ ಮೂಲಕ ಬಂದು ದೊಡ್ಡ ಕರುಳಿನಲ್ಲಿ ನೆಲಸುವುದು. ಕೊಕ್ಕೆಹುಳುವಿನ ದಾರಿ ಬೇರೆ. ಅದರ ಮರಿ ತೇವವಾದ, ನೆರಳಿನ, ಮರಳುಮಿಶ್ರಿತ ಮಣ್ಣಿನಲ್ಲಿ ಕಾದಿದ್ದು ಬರಿಗಾಲಿನ ಚರ್ಮವನ್ನೇ ಕೊರೆದು ಒಳಹೊಗುವುದು. ಇದು ಮೊದಲು ತಿಳಿದುಬಂದದ್ದು ಆಕಸ್ಮಿಕವಾಗಿ. 1898ರಲ್ಲಿ ಈಜಿಪ್ಟಿನ ಕೈರೋ ನಗರದಲ್ಲಿ ಆರ್ತರ್ ಲೂಸ್ ಎಂಬ ಜರ್ಮನ್ ವಿಜ್ಞಾನಿಯ ಕೈಯ ಮೇಲೆ ಕೊಕ್ಕೆಹುಳುವಿನ ಮರಿಗಳಿದ್ದ ನೀರು ಚೆಲ್ಲಿತು. ಆ ಭಾಗ ತುರಿಸಿ ಕೆಂಪೇರಿತು. ಕೆಲವು ವಾರಗಳ ಮೇಲೆ ಆತನ ಮಲದಲ್ಲಿಯೇ ತತ್ತಿಗಳು ಕಂಡವು. ಈ ಹುಳು ಕರುಳಿನ ಗೋಡೆಯನ್ನು ಕಚ್ಚಿ ಹಿಡಿದು ರಕ್ತ ಹೀರುವುದು. ಮಗು ಬಿಳಿಚಿಕೊಳ್ಳುವುದು ಈ ಕಾರಣದಿಂದ. ಆಂಧ್ರದ ಕರಾವಳಿಯಾಗಲಿ, ಬೇಸಗೆ ರಜೆಯಲ್ಲಿ ನಾವು ಮಕ್ಕಳನ್ನು ಕರೆದೊಯ್ಯುವ ಕನ್ನಡದ ಕರಾವಳಿಯಾಗಲಿ, ಬಿಸಿ, ತೇವ, ಮರಳು ಮೂರೂ ಕೂಡಿದ ನೆಲ. ಅಜ್ಜಿಯ ಮನೆಯ ಅಡಿಕೆ ತೋಟದಲ್ಲಿ ಮಕ್ಕಳು ಓಡಾಡುವುದು ಬೇಡವೆಂದು ಯಾರೂ ಹೇಳರು. ಕಾಲಿಗೆ ಚಪ್ಪಲಿಯಿರಲಿ ಎಂದಷ್ಟೇ ಹೇಳಬೇಕಾಗಿದೆ.

ಇನ್ನುಳಿದುದು ದಾರದ ತುಂಡಿನಂಥ ಸಣ್ಣ ಬಿಳಿಹುಳು. ಇದಕ್ಕೆ ಮಣ್ಣಿನ ಹಂಗಿಲ್ಲ. ರಾತ್ರಿ ಮಗು ಮಲಗಿದ ಮೇಲೆ ಹೆಣ್ಣುಹುಳು ಗುದದ್ವಾರಕ್ಕೆ ಬಂದು ಸುತ್ತಲೂ ತತ್ತಿಯಿಡುವುದು. ಮಗು ತುರಿಸಿಕೊಳ್ಳುವುದು, ತತ್ತಿ ಉಗುರಿಗೆ ಸೇರುವುದು, ಉಗುರಿನಿಂದ ಬಾಯಿಗೂ, ಹಾಸಿಗೆಗೂ, ತಮ್ಮತಂಗಿಯರಿಗೂ ಹರಡುವುದು. ಈ ತತ್ತಿಗಳು ಕೆಲವೇ ಗಂಟೆಗಳಲ್ಲಿ ಸೋಂಕು ತಗುಲಿಸಲು ಸಿದ್ಧವಾಗುವವು. ಆದುದರಿಂದ ಒಂದೇ ಕೊಠಡಿಯಲ್ಲಿ ಸಾಲಾಗಿ ಮಲಗುವ ಮನೆಗಳಲ್ಲಿ ಒಬ್ಬರಿಗೆ ಬಂದರೆ ಎಲ್ಲರಿಗೂ ಬಂದಂತೆಯೇ ಎಣಿಸಬೇಕು.

ಜಂತುಬಾಧೆಯನ್ನು ಗುರುತಿಸುವುದು ಹೇಗೆ? ಮಲದಲ್ಲಿಯೋ ವಾಂತಿಯಲ್ಲಿಯೋ ಹುಳು ಕಂಡರೆ ಸಂಶಯವೇ ಉಳಿಯುವುದಿಲ್ಲ. ಪದೇ ಪದೇ ಹೊಟ್ಟೆನೋವು, ಹಸಿವು ಕುಂದುವುದು, ಕೈಕಾಲು ಬಡಕಲಾಗಿ ಹೊಟ್ಟೆ ಮಾತ್ರ ಡುಬ್ಬಾಗುವುದು, ವಯಸ್ಸಿಗೆ ತಕ್ಕ ತೂಕ ಬಾರದಿರುವುದು, ಕಣ್ಣಿನ ಕೆಳರೆಪ್ಪೆಯ ಒಳಭಾಗವೂ ನಾಲಗೆಯೂ ಬಿಳಿಚುವುದು, ಆಟದಲ್ಲಿ ಬೇಗನೆ ದಣಿಯುವುದು, ಪಾಠದಲ್ಲಿ ಮಂಕಾಗುವುದು, ಮಣ್ಣು ಅಥವಾ ಸುಣ್ಣ ತಿನ್ನುವ ಚಪಲ, ರಾತ್ರಿ ಗುದದಲ್ಲಿ ತುರಿಕೆಯಾಗಿ ನಿದ್ದೆಗೆಡುವುದು ಇವೆಲ್ಲ ವೈದ್ಯರ ಬಳಿಗೆ ಕರೆದೊಯ್ಯಬೇಕೆಂಬ ಸೂಚನೆಗಳು. ಮಗು ನಿದ್ದೆ ಹೋದ ಎರಡು ಮೂರು ಗಂಟೆಯ ಮೇಲೆ ದೀಪ ಹಿಡಿದು ನೋಡಿದರೆ ದಾರದಂಥ ಹುಳು ಕಣ್ಣಿಗೇ ಕಾಣುವುದುಂಟು. ಮಿಕ್ಕವುಗಳ ಇರುವಿಕೆ ಮಲಪರೀಕ್ಷೆಯಿಂದ ತಿಳಿಯುವುದು.

ಆದರೆ ಇವು ಸೂಚನೆಗಳೇ ಹೊರತು ತೀರ್ಪಲ್ಲ. ನಿದ್ದೆಯಲ್ಲಿ ಹಲ್ಲು ಕಡಿಯುವುದು ಹುಳುವಿನ ಗುರುತೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಹುಳುವಿಲ್ಲದ ಮಕ್ಕಳೂ ಹಲ್ಲು ಕಡಿಯುವುದುಂಟು. ಬಿಳಿಚಿದ ಮಕ್ಕಳೆಲ್ಲರಿಗೂ ಹುಳುವೇ ಕಾರಣವೆನ್ನಲಾಗದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಐದು ವರ್ಷದೊಳಗಿನ ಭಾರತೀಯ ಮಕ್ಕಳಲ್ಲಿ ನೂರಕ್ಕೆ 67 ಮಂದಿ ರಕ್ತಹೀನರೆಂದು ಕಂಡುಬಂದಿತು. ಇದಕ್ಕೆ ಆಹಾರದಲ್ಲಿ ಕಬ್ಬಿಣದ ಕೊರತೆ ಮೊದಲಾದ ಹಲವು ಕಾರಣಗಳಿವೆ, ಹುಳು ಅವುಗಳಲ್ಲೊಂದು. ಇನ್ನೊಂದು ಮುಖ್ಯ ಸಂಗತಿ: ಹುಳುವಿರುವ ಎಷ್ಟೋ ಮಕ್ಕಳಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ. ಆದುದರಿಂದ ‘ನಮ್ಮ ಮಗು ಚೆನ್ನಾಗಿಯೇ ಇದೆ’ ಎಂದು ಗುಳಿಗೆಯನ್ನು ನಿರಾಕರಿಸುವುದು ವಿವೇಕವಲ್ಲ.

ಒಂದು ಅಪಾಯವನ್ನು ಮಾತ್ರ ಎಲ್ಲ ತಂದೆತಾಯಂದಿರೂ ನೆನಪಿನಲ್ಲಿಡತಕ್ಕದ್ದು. ದುಂಡುಹುಳುಗಳು ಬಹಳವಾಗಿ ಬೆಳೆದರೆ ಗಂಟುಕಟ್ಟಿ ಕರುಳನ್ನೇ ಮುಚ್ಚಿಬಿಡುವುದುಂಟು. ಮಗು ತಡೆಯಲಾರದ ಹೊಟ್ಟೆನೋವಿನಿಂದ ಒದ್ದಾಡಿ, ಪದೇ ಪದೇ ವಾಂತಿ ಮಾಡಿ, ಹೊಟ್ಟೆಯುಬ್ಬರಿಸಿ, ಮಲವೂ ವಾಯುವೂ ನಿಂತುಹೋದರೆ ಮನೆಯಲ್ಲಿ ಹರಳೆಣ್ಣೆ ಕುಡಿಸುತ್ತಲೋ, ಅಂಗಡಿಯಿಂದ ಹುಳದ ಔಷಧ ತರಿಸುತ್ತಲೋ ಕುಳಿತುಕೊಳ್ಳಕೂಡದು. ವಿಶಾಖಪಟ್ಟಣದಲ್ಲಿ ಕಿಂಗ್ ಜಾರ್ಜ್ ಆಸ್ಪತ್ರೆಗಾಗಲಿ, ವಿಜಯವಾಡದಲ್ಲಿ ಸರಕಾರಿ ಆಸ್ಪತ್ರೆಗಾಗಲಿ, ಹತ್ತಿರವಿರುವ ಇನ್ನಾವ ದೊಡ್ಡ ಆಸ್ಪತ್ರೆಗಾಗಲಿ ಆ ಗಳಿಗೆಯಲ್ಲೇ ಕರೆದೊಯ್ಯಬೇಕು.

ಇನ್ನು ಗುಳಿಗೆಯ ವಿಷಯ. 2015ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವು 2016ರಿಂದ ದೇಶದ ಎಲ್ಲ ಕಡೆಗೂ ವಿಸ್ತರಿಸಿತು. ಫೆಬ್ರವರಿ 10 ಮತ್ತು ಆಗಸ್ಟ್ 10 ಇದಕ್ಕೆ ಗೊತ್ತಾದ ದಿನಗಳು. ರಾಜ್ಯದ ಅನುಕೂಲದಂತೆ ದಿನಾಂಕವು ಹಿಂದುಮುಂದಾಗುವುದುಂಟು. ಅಂದು ತಪ್ಪಿಸಿಕೊಂಡವರಿಗೆ ಕೆಲವು ದಿನಗಳ ಮೇಲೆ ಮತ್ತೊಮ್ಮೆ ಕೊಡುವ ಏರ್ಪಾಡೂ ಇದೆ. 1ರಿಂದ 19 ವರ್ಷದವರೆಗಿನ ಎಲ್ಲರಿಗೂ ಶಾಲೆಯಲ್ಲಿ ಇಲ್ಲವೆ ಅಂಗನವಾಡಿಯಲ್ಲಿ ಆಲ್ಬೆಂಡಜೋಲ್ ಗುಳಿಗೆಯನ್ನು ಬಿಟ್ಟಿಯಾಗಿ ಕೊಡುವರು. ಎರಡು ವರ್ಷ ಮೇಲ್ಪಟ್ಟವರಿಗೆ 400 ಮಿಲಿಗ್ರಾಮಿನ ಒಂದು ಗುಳಿಗೆ. ಒಂದರಿಂದ ಎರಡು ವರ್ಷದವರಿಗೆ ಅರ್ಧ. ಗುಳಿಗೆಯನ್ನು ಅಗಿದು ತಿನ್ನಬೇಕು. ಚಿಕ್ಕ ಮಕ್ಕಳಿಗೆ ಪುಡಿಮಾಡಿ ನೀರಿನಲ್ಲಿ ಕಲಸಿ ಕೊಡಬೇಕು. ಅಳುವ ಮಗುವಿನ ಬಾಯಿಗೆ ಬಲವಂತದಿಂದ ತುರುಕಿದರೆ ಗಂಟಲಿಗೆ ಸಿಕ್ಕಿಕೊಳ್ಳುವ ಭಯವುಂಟು. ಅಂದು ಜ್ವರ ಮೊದಲಾದ ಕಾಯಿಲೆಯಿರುವ ಮಗುವಿಗೆ ಗುಣವಾದ ಮೇಲೆಯೇ ಕೊಡುವುದು ಯುಕ್ತ. ಕೆಲವರಿಗೆ ಸ್ವಲ್ಪ ಹೊಟ್ಟೆನೋವು, ಓಕರಿಕೆ ಬರಬಹುದು. ಸಾಮಾನ್ಯವಾಗಿ ಅದು ಬೇಗನೆ ಶಮನವಾಗುವುದು.

ಏರ್ಪಾಡು ಒಳ್ಳೆಯದೇ. ಆದರೆ ಅದರಿಂದ ನುಣುಚಿ ಹೋಗುವವರು ಯಾರೆಂದು ನೋಡಿದರೆ ಅವರಲ್ಲಿ ಹೊರನಾಡಿನಿಂದ ಬಂದವರ ಮಕ್ಕಳು ಇರುವುದು ಸಹಜ. ತಾಯಿಗೆ ತೆಲುಗು ಓದಲು ಬಾರದು. ಶಾಲೆಯಿಂದಲೋ ಅಂಗನವಾಡಿಯಿಂದಲೋ ಬಂದ ಚೀಟಿಯಲ್ಲಿ ‘ನುಲಿಪುರುಗುಲು’ ಎಂದಿದ್ದರೆ ಅದು ನಮ್ಮ ಜಂತುಹುಳುವೇ ಎಂದು ಆಕೆಗೆ ತಿಳಿಸುವವರು ಬೇಕು. ಶಾಲೆಗೆ ಸೇರದ ಎರಡು ಮೂರು ವರ್ಷದ ಕೂಸು ಅಂಗನವಾಡಿಯ ಪಟ್ಟಿಯಲ್ಲಿ ಇಲ್ಲದಿರಬಹುದು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಕರೆದುಕೊಂಡು ಹೋಗಬಹುದೆಂಬುದು ಮನೆಯವರಿಗೆ ಗೊತ್ತಿಲ್ಲ. ಗುಳಿಗೆಯ ದಿನ ಮಗು ಊರಿನಲ್ಲಿರುವುದು. ಊರಿನಲ್ಲಿ ಕೊಡುವಾಗ ಇಲ್ಲಿರುವುದು. ಎರಡು ರಾಜ್ಯಗಳ ಲೆಕ್ಕದ ನಡುವೆ ಮಗು ಯಾರ ಲೆಕ್ಕಕ್ಕೂ ಸೇರದೆ ಉಳಿಯುವುದು.

ಇದಕ್ಕಿಂತಲೂ ಮರೆತುಹೋದ ಇನ್ನೊಂದು ವರ್ಗವಿದೆ. ಹದಿನೆಂಟು ಹತ್ತೊಂಬತ್ತು ವರ್ಷಕ್ಕೇ ಊರು ಬಿಟ್ಟು ಬಂದು ಹೋಟೆಲಿನಲ್ಲಿ ಟೇಬಲ್ ಒರೆಸುವ, ಲೋಟ ತೊಳೆಯುವ ಹುಡುಗರು. ಹದಿನಾಲ್ಕು ವರ್ಷದೊಳಗಿನವರನ್ನು ಹೋಟೆಲಿನಲ್ಲಿ ದುಡಿಸುವುದು 2006ರಿಂದಲೇ ನಿಷಿದ್ಧವಾಗಿದೆ, ಅದು ಸರಿಯಾದುದೇ. ಆದರೆ ಆ ವಯಸ್ಸು ದಾಟಿದವನು ಒಮ್ಮೆಲೇ ದೊಡ್ಡವನಾಗಿಬಿಡುವನೆ? ಹತ್ತೊಂಬತ್ತರವರೆಗೆ ಸರಕಾರವೇ ಅವನನ್ನು ಗುಳಿಗೆಗೆ ಅರ್ಹನೆಂದು ಎಣಿಸುತ್ತಿರುವಾಗ ಅವನನ್ನು ಕರೆದೊಯ್ಯುವವರಾರು? ತಾಯಿ ಊರಿನಲ್ಲಿ, ಶಾಲೆ ಬಿಟ್ಟಾಯಿತು, ಅಂಗನವಾಡಿಯೆಂದರೆ ನಾಚಿಕೆ. ಇಂಥ ಹುಡುಗರಿಗೆ ಹೋಟೆಲಿನ ಯಜಮಾನರೇ ತಂದೆಯ ಸ್ಥಾನದಲ್ಲಿ ನಿಲ್ಲಬೇಕು.

ಗುಳಿಗೆಯಿಂದಲೇ ಎಲ್ಲವೂ ಸರಿಹೋಗುವುದೆಂಬ ಭ್ರಮೆಯೂ ಬೇಡ. ಗುಳಿಗೆಯು ಇಂದು ಕರುಳಿನಲ್ಲಿರುವ ಹುಳುವನ್ನು ಕೊಲ್ಲುವುದು. ನಾಳೆ ಬರುವುದನ್ನು ತಡೆಯದು. ಚಾಟಿಹುಳುವಿನ ಮೇಲೆ ಒಂದೇ ಗುಳಿಗೆಯ ಪ್ರಭಾವ ಕಡಿಮೆ. ದಾರದ ಹುಳುವಿಗೆ ಎರಡು ವಾರ ಬಿಟ್ಟು ಮತ್ತೊಮ್ಮೆ ಔಷಧ ಬೇಕಾಗುವುದು. ವೈದ್ಯರ ಸಲಹೆಯಂತೆ ಮನೆಯವರೆಲ್ಲರೂ ಒಂದೇ ಕಾಲಕ್ಕೆ ಸೇವಿಸಬೇಕಾಗುವುದು. ಉತ್ತರ ಪ್ರದೇಶದಲ್ಲಿ ಸುಮಾರು 10 ಲಕ್ಷ ಚಿಕ್ಕ ಮಕ್ಕಳ ನಡುವೆ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಆರು ತಿಂಗಳಿಗೊಮ್ಮೆ ಗುಳಿಗೆ ಕೊಟ್ಟದ್ದರಿಂದ ಮಕ್ಕಳ ತೂಕದಲ್ಲಾಗಲಿ ಮರಣ ಸಂಖ್ಯೆಯಲ್ಲಾಗಲಿ ಹೇಳತಕ್ಕಷ್ಟು ವ್ಯತ್ಯಾಸ ಕಾಣಲಿಲ್ಲ. ಎಲ್ಲ ಮಕ್ಕಳಿಗೂ ಸಾಮೂಹಿಕವಾಗಿ ಗುಳಿಗೆ ಕೊಡುವುದರ ಪ್ರಯೋಜನವೆಷ್ಟೆಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದೇ ಇದೆ. ಇದನ್ನು ಕೇಳಿ ಗುಳಿಗೆಯೇ ಬೇಡವೆಂದು ತೀರ್ಮಾನಿಸಕೂಡದು. ಹುಳುವಿರುವ ಮಗುವಿಗೆ ಅದು ಅಗ್ಗವಾದ, ಸುಲಭವಾದ ಪರಿಹಾರ. ಆದರೆ ನಲ್ಲಿಯನ್ನು ನಿಲ್ಲಿಸದೆ ನೆಲವನ್ನು ಒರೆಸುತ್ತ ಕುಳಿತರೆ ನೆಲ ಎಂದಿಗೂ ಒಣಗದೆಂಬುದನ್ನು ಹೋಟೆಲಿನಲ್ಲಿ ದುಡಿಯುವವರಿಗೆ ವಿವರಿಸಬೇಕಾಗಿಲ್ಲ.

ಈ ಪಾಠ ಹೊಸದೇನೂ ಅಲ್ಲ. 1920ರ ದಶಕದಲ್ಲಿ ಮದರಾಸು ಪ್ರಾಂತದಲ್ಲಿ ಅಮೆರಿಕೆಯ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಕೊಕ್ಕೆಹುಳುವಿನ ವಿರುದ್ಧ ಕಾರ್ಯ ನಡೆಯಿತು. ವಿಶಾಖಪಟ್ಟಣ, ಬೆಜವಾಡಗಳೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೂ ಆಗ ಒಂದೇ ಪ್ರಾಂತಕ್ಕೆ ಸೇರಿದ್ದವು. ಆ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನವೂ ಅದೇ ಪ್ರತಿಷ್ಠಾನದ ಸಹಕಾರದಿಂದ ತನ್ನ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯನ್ನು ಕಟ್ಟಿಕೊಂಡಿತು. ಔಷಧ ಕುಡಿಸುವುದು ಸುಲಭ, ಪಾಯಖಾನೆ ಕಟ್ಟಿಸಿ ಜನರು ಅದನ್ನು ಬಳಸುವಂತೆ ಮಾಡುವುದು ಕಷ್ಟ. ಆದರೆ ಎರಡನೆಯದಿಲ್ಲದೆ ಮೊದಲನೆಯದು ನಿಲ್ಲದು. ಅಂದಿನ ಈ ಅನುಭವ ಇಂದಿಗೂ ಸತ್ಯವೇ.

ಕಷ್ಟವೆಂದರೆ ಅಸಾಧ್ಯವೆಂದಲ್ಲ. ದಕ್ಷಿಣ ಕೊರಿಯಾ ದೇಶದ ದೃಷ್ಟಾಂತವನ್ನು ನೋಡಿರಿ. 1963ರಲ್ಲಿ ಅಲ್ಲಿನ ಜಿಯಾಂಜು ನಗರದ ಆಸ್ಪತ್ರೆಯೊಂದಕ್ಕೆ ಒಂಬತ್ತು ವರ್ಷದ ಬಾಲಕಿಯನ್ನು ಹೊಟ್ಟೆನೋವೆಂದು ತಂದರು. ಶಸ್ತ್ರಚಿಕಿತ್ಸೆ ಮಾಡಿದಾಗ ಆಕೆಯ ಕರುಳಿನಿಂದ ಸಾವಿರಕ್ಕೂ ಮಿಕ್ಕಿದ ದುಂಡುಹುಳುಗಳು ಹೊರಬಂದವು. ಮಗು ಉಳಿಯಲಿಲ್ಲ. ದೇಶವೇ ತಲೆತಗ್ಗಿಸಿತು, ಆದರೆ ತಲೆತಗ್ಗಿಸಿ ಸುಮ್ಮನಿರಲಿಲ್ಲ. 1966ರಲ್ಲಿ ಕಾಯಿದೆ ಮಾಡಿದರು. 1969ರಿಂದ ಶಾಲಾಮಕ್ಕಳ ಮಲವನ್ನು ವರ್ಷಕ್ಕೆರಡು ಬಾರಿ ಪರೀಕ್ಷಿಸಿ ಹುಳುವಿದ್ದವರಿಗೆ ಔಷಧ ಕೊಟ್ಟರು. ಅದರೊಡನೆ ಶೌಚಗೃಹಗಳು ಸುಧಾರಿಸಿದವು. ಮನುಷ್ಯಮಲವನ್ನು ಹಸಿಯಾಗಿಯೇ ತರಕಾರಿಗೆ ಗೊಬ್ಬರವಾಗಿ ಹಾಕುವ ಪದ್ಧತಿ ಹಿಂದೆ ಬಿದ್ದಿತು. 1971ರ ಸಮೀಕ್ಷೆಯಲ್ಲಿ ನೂರಕ್ಕೆ 84 ಜನರಲ್ಲಿ ಕಂಡ ಹುಳುಗಳ ತತ್ತಿ 1997ರ ಹೊತ್ತಿಗೆ ನೂರಕ್ಕೆ ಮೂವರಲ್ಲಿಯೂ ಕಾಣದಾಯಿತು. ಅಲ್ಲಿಯವರೂ ನಮ್ಮಂತೆಯೇ ಬಡವರಾಗಿದ್ದರು, ನಮ್ಮಂತೆಯೇ ಅಕ್ಕಿಯುಣ್ಣುವವರು. ಒಂದು ತಲೆಮಾರಿನೊಳಗೆ ಅವರು ಸಾಧಿಸಿದ್ದು ನಮಗೆ ಸಾಧ್ಯವಿಲ್ಲವೆ?

ಮನೆಯಲ್ಲಿ ಮಾಡಬೇಕಾದುದು ಹೆಚ್ಚು ವೆಚ್ಚದ ಕೆಲಸವಲ್ಲ. ಮಲವಿಸರ್ಜನೆಯ ಅನಂತರವೂ, ಊಟಕ್ಕೆ ಮೊದಲೂ, ಮಣ್ಣಿನಲ್ಲಾಡಿ ಬಂದ ಮೇಲೂ ಸಾಬೂನು ಹಚ್ಚಿ ಕೈ ಉಜ್ಜಿ ತೊಳೆಯುವುದು. 2020ರ ಮಹಾಮಾರಿಯ ಕಾಲದಿಂದ ರೂಢಿಗೆ ಬಂದ ಸ್ಯಾನಿಟೈಸರನ್ನು ಇಲ್ಲಿ ನಂಬಿ ಕೂರುವಂತಿಲ್ಲ. ಹುಳುವಿನ ತತ್ತಿಯ ಕವಚ ಗಟ್ಟಿಯಾದುದು, ಅದನ್ನು ಸಾಬೂನಿನಿಂದ ಉಜ್ಜಿ ನೀರಿನಲ್ಲಿ ಕೊಚ್ಚಿಹೋಗುವಂತೆಯೇ ಮಾಡಬೇಕು. ವಾರಕ್ಕೊಮ್ಮೆ ಮಕ್ಕಳ ಉಗುರು ಕತ್ತರಿಸುವುದು, ಉಗುರು ಕಚ್ಚುವ ಚಾಳಿಯನ್ನು ಬಿಡಿಸುವುದು. ಹೊರಗೆ ಹೊರಟಾಗ ಕಾಲಿಗೆ ಚಪ್ಪಲಿ. ರೈತು ಬಜಾರದಿಂದ ತಂದ ಸೊಪ್ಪನ್ನೂ ಗೆಡ್ಡೆಗಳನ್ನೂ ಎರಡು ಮೂರು ನೀರಿನಲ್ಲಿ ತೊಳೆಯುವುದು. ಹಸಿಯಾಗಿ ತಿನ್ನುವುದನ್ನು ಇನ್ನೂ ಹೆಚ್ಚಿನ ಎಚ್ಚರದಿಂದ ತೊಳೆದು ಸಿಪ್ಪೆ ತೆಗೆಯುವುದು. ನೀರನ್ನು ಕುದಿಸಿ ಆರಿಸಿ ಕುಡಿಯುವುದು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್‌ನಗರದ ಬೀದಿಗಳು ಮುಳುಗಿದ್ದನ್ನು ಕಂಡವರಿಗೆ, ಮೋರಿಯ ನೀರೂ ಮನೆಯ ನೀರೂ ಎಷ್ಟು ಬೇಗ ಒಂದಾಗಬಲ್ಲವೆಂದು ಬೇರೆ ಹೇಳಬೇಕಾದುದಿಲ್ಲ. ಕೂಸಿನ ಮಲದಲ್ಲಿ ದೋಷವಿಲ್ಲವೆಂದು ಚರಂಡಿಗೋ ಕಸಕ್ಕೋ ಎಸೆಯುವ ಪದ್ಧತಿಯನ್ನು ಬಿಟ್ಟು ಪಾಯಖಾನೆಗೇ ಹಾಕುವುದು. ಬಿಳಿ ದಾರದ ಹುಳು ಕಂಡ ಮನೆಯಲ್ಲಿ ಹಾಸಿಗೆಯ ಬಟ್ಟೆಯನ್ನೂ ಒಳ ಉಡುಪನ್ನೂ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದು. ಬೆಳಿಗ್ಗೆ ಎದ್ದ ಕೂಡಲೆ ಮಗುವನ್ನು ತೊಳೆಸುವುದು. ಬೇವು, ಹಾಗಲಕಾಯಿಗಳನ್ನು ಉಣ್ಣಲಿ, ಬೇಡವೆನ್ನುವವರಿಲ್ಲ. ಆದರೆ ಅವುಗಳನ್ನು ನಂಬಿ ಔಷಧವನ್ನು ಬಿಡುವುದು ಬೇಡ.

ಈ ಪಟ್ಟಿಯನ್ನು ಓದಿದ ಗೃಹಿಣಿ ಒಂದು ಪ್ರಶ್ನೆ ಕೇಳಿದರೆ ಉತ್ತರ ಕೊಡಬೇಕಾದವರು ನಾವು. ‘ನೀರು ಬರುವುದು ದಿನಕ್ಕೊಂದು ಗಳಿಗೆ, ಪಾಯಖಾನೆ ನಾಲ್ಕು ಮನೆಗೊಂದು, ಸಾಬೂನಿಗೂ ಲೆಕ್ಕ ಹಾಕಬೇಕು; ನಾನು ಏನು ಮಾಡಲಿ?’ ಎಂದರೆ ಆರೋಗ್ಯದ ಉಪದೇಶ ಅಲ್ಲಿಗೆ ಬಾಯಿ ಮುಚ್ಚಬೇಕಾಗುವುದು. ಆದುದರಿಂದ ಮುಂದಿನ ಮಾತು ಧಣಿಗಳಿಗೂ ಸಂಘಗಳಿಗೂ ಸೇರಿದುದು.

ಆಹಾರ ಸುರಕ್ಷತೆಯ 2011ರ ನಿಯಮಗಳಂತೆ ಹೋಟೆಲಿನಲ್ಲಿ ಆಹಾರವನ್ನು ಮುಟ್ಟುವ ಪ್ರತಿಯೊಬ್ಬನಿಗೂ ವರ್ಷಕ್ಕೊಮ್ಮೆ ವೈದ್ಯ ಪರೀಕ್ಷೆ ಮಾಡಿಸಬೇಕು. ಗಿರಾಕಿಯ ರಕ್ಷಣೆಗಾಗಿ ಮಾಡಿರುವ ನಿಯಮವಿದು. ಎಷ್ಟು ಕಡೆ ಅದು ಕಾಗದದ ಮೇಲಿನ ಸಹಿಯಾಗಿಯೇ ಮುಗಿಯುವುದೆಂಬುದನ್ನು ಯಜಮಾನರ ಆತ್ಮಸಾಕ್ಷಿಗೆ ಬಿಡೋಣ. ನಮ್ಮ ಸೂಚನೆಯಿಷ್ಟೆ: ಆ ಪರೀಕ್ಷೆ ನಿಜವಾಗಿ ನಡೆಯಲಿ, ಅದೇ ದಿನ ಕೆಲಸಗಾರನ ಹೆಂಡತಿ ಮಕ್ಕಳನ್ನೂ ವೈದ್ಯರು ನೋಡುವಂತಾಗಲಿ. ಒಂದು ದಿನದ ವೈದ್ಯರ ವೆಚ್ಚ, ಹೋಟೆಲಿನ ಒಂದು ದಿನದ ವ್ಯಾಪಾರದ ಮುಂದೆ ಎಷ್ಟರದು? ಕೆಲಸಗಾರರ ಬಿಡಾರಕ್ಕೆ ಸಾಕಷ್ಟು ಪಾಯಖಾನೆ, ತಪ್ಪದ ನೀರು, ಕೈತೊಳೆಯುವಲ್ಲಿ ಸಾಬೂನು ಇವಿಷ್ಟನ್ನು ಒದಗಿಸುವುದು ದಾನವಲ್ಲ, ಕರ್ತವ್ಯ. ಗಿರಾಕಿ ಕೈತೊಳೆಯುವ ಜಾಗದಲ್ಲಿ ಪರಿಮಳದ ಸಾಬೂನಿಟ್ಟು, ಅವನಿಗೆ ಬಡಿಸುವವನ ಬಿಡಾರದಲ್ಲಿ ಚೂರು ಸಾಬೂನೂ ಇಲ್ಲದಿದ್ದರೆ ಅದು ಹೋಟೆಲಿಗೂ ಶೋಭೆಯಲ್ಲ.

ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವವನ್ನೂ ಗಣೇಶೋತ್ಸವವನ್ನೂ ಅಕ್ಕರೆಯಿಂದ ನಡೆಸುತ್ತವೆ. ಆ ಅಕ್ಕರೆಯಲ್ಲಿ ವರ್ಷಕ್ಕೆರಡು ದಿನವನ್ನು ಈ ಕೆಲಸಕ್ಕೆ ಕೊಡಲಿ. ಫೆಬ್ರವರಿ, ಆಗಸ್ಟ್ ತಿಂಗಳ ಆರಂಭದಲ್ಲೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ದಿನಾಂಕ ವಿಚಾರಿಸಿ, ಕನ್ನಡದಲ್ಲಿ ನಾಲ್ಕು ಸಾಲಿನ ಚೀಟಿ ಬರೆಸಿ ಮನೆಮನೆಗೂ ಹೋಟೆಲಿಗೂ ಹಂಚಲಿ. ಕಚೇರಿಯಲ್ಲಿ ದುಡಿಯುವ, ತೆಲುಗು ಬಲ್ಲ ಗುಮಾಸ್ತ ಬಂಧುಗಳು ಒಂದೊಂದು ಬೀದಿಯ ಹೊಣೆ ಹೊತ್ತು, ಪಟ್ಟಿಯಲ್ಲಿಲ್ಲದ ಮಕ್ಕಳ ಹೆಸರು ಬರೆದುಕೊಂಡು ಅಂಗನವಾಡಿಯವರಿಗೆ ತಿಳಿಸಲಿ. ಹೋಟೆಲಿನ ಹುಡುಗರನ್ನು ಒಂದು ಗಂಟೆಯ ಬಿಡುವಿನಲ್ಲಿ ಕರೆದುಕೊಂಡು ಹೋಗಿ ಬರಲಿ. ಇದಕ್ಕೆ ನಿಧಿಯೂ ಬೇಡ, ಸಭಾಪತಿಯೂ ಬೇಡ.

ತಂದೆಯಾದವರಿಗೂ ಒಂದು ಮಾತು. ಮುಂಜಾನೆಯ ಪಾಳಿಗೆ ಹೊರಟು ರಾತ್ರಿ ಬರುವವನಿಗೆ ಮಗುವಿನ ಮಲದ ವಿಚಾರ ಕೇಳಲು ಹೊತ್ತೆಲ್ಲಿ ಎನ್ನಬಹುದು. ವಾರದ ರಜೆಯ ದಿನ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಉಗುರು ಕತ್ತರಿಸುವುದಕ್ಕೆ, ಕಣ್ಣರೆಪ್ಪೆ ಬಿಳಿಚಿದೆಯೆ ಎಂದು ನೋಡುವುದಕ್ಕೆ ಕಾಲು ಗಂಟೆ ಸಾಕು. ಇಷ್ಟು ದೂರ ಬಂದು ನಾವು ದುಡಿಯುತ್ತಿರುವುದು ಈ ಮಕ್ಕಳಿಗಾಗಿ ಅಲ್ಲವೆ? ಬರುವ ಗುಳಿಗೆಯ ದಿನ ನಮ್ಮ ಬಿಡಾರಗಳಲ್ಲಿ ಒಂದು ಮಗುವೂ, ಒಬ್ಬ ಹೋಟೆಲ್ ಹುಡುಗನೂ ತಪ್ಪದಿರಲಿ; ಅದರ ಮಾರನೆಯ ದಿನ ನೀರಿನ ಬಳಿ ಸಾಬೂನು ಮುಗಿಯದಿರಲಿ.